ಮನೆಯೇ ಮದ್ದು: ನೊಂದ ಮಕ್ಕಳ ಚಿಕಿತ್ಸಕ ಸಾಕುಪಾಲನೆ

ಹೆತ್ತವರ ಬಳಿ ಇರಲಾಗದ ಮಗುವನ್ನು ನ್ಯಾಯಾಲಯದ ಅಥವಾ ಸರ್ಕಾರಿ ಸಮಿತಿಯ ಆದೇಶದಂತೆ ಬೇರೊಂದು ಕುಟುಂಬ ಒಂದಷ್ಟು ಕಾಲ ತನ್ನ ಮನೆಯಲ್ಲಿಟ್ಟುಕೊಂಡು ಬೆಳೆಸುವ ವ್ಯವಸ್ಥೆಗೆ ಫಾಸ್ಟರ್ ಕೇರ್, ಅಂದರೆ ಸಾಕುಪಾಲನೆ ಎಂದು ಹೆಸರು. ಇದು ದತ್ತು ಅಲ್ಲ. ದತ್ತು ಹೋದ ಮಗು ಕಾನೂನಿನ ಕಣ್ಣಿನಲ್ಲಿ ಹೊಸ ಕುಟುಂಬದ್ದೇ ಆಗುತ್ತದೆ. ಸಾಕುಪಾಲನೆಯಲ್ಲಿ ಹೆತ್ತವರ ಸಂಬಂಧ ಹರಿದುಹೋಗುವುದಿಲ್ಲ. ಅವರ ಮನೆ ಮತ್ತೆ ಸುರಕ್ಷಿತವಾದರೆ ಮಗು ಅಲ್ಲಿಗೇ ಮರಳುತ್ತದೆ. ಅಮೆರಿಕದಲ್ಲಿ 2022ರ ಸೆಪ್ಟೆಂಬರ್ ಕೊನೆಗೆ ಸುಮಾರು 3.7 ಲಕ್ಷ ಮಕ್ಕಳು ಈ ವ್ಯವಸ್ಥೆಯಲ್ಲಿದ್ದರು. ಮಗುವಿನ ಕಡೆಗಣನೆ, ಹೆತ್ತವರ ಮಾದಕ ವ್ಯಸನ, ಹೊಡೆತ, ಲೈಂಗಿಕ ದೌರ್ಜನ್ಯ, ಸೆರೆವಾಸ ಇವು ಮಕ್ಕಳನ್ನು ಮನೆಯಿಂದ ಹೊರಗೆ ತರುವ ಮುಖ್ಯ ಕಾರಣಗಳು.

ಈ ಮಕ್ಕಳಲ್ಲಿ ಕೆಲವರಿಗೆ ಊಟ, ಬಟ್ಟೆ, ಪ್ರೀತಿ ಇಷ್ಟೇ ಸಾಲುವುದಿಲ್ಲ. ತೀವ್ರ ಸಿಟ್ಟು, ಆತ್ಮಹಾನಿ, ಓಡಿಹೋಗುವಿಕೆ, ಮನೋರೋಗದ ಲಕ್ಷಣ, ಕಾನೂನು ಮೀರಿದ ವರ್ತನೆ ಇರುವ ಮಕ್ಕಳನ್ನು ಸಾಮಾನ್ಯ ಸಾಕುಮನೆಗಳು ಬಹುಕಾಲ ತಾಳಲಾರವು. ಹಿಂದೆ ಇಂಥವರಿಗೆ ಉಳಿದಿದ್ದ ಜಾಗ ಆಸ್ಪತ್ರೆ, ವಸತಿ ಕೇಂದ್ರ ಅಥವಾ ಬಾಲಾಪರಾಧಿಗಳ ಶಾಲೆ. ಇವಕ್ಕೆ ಪರ್ಯಾಯವಾಗಿ ಬಂದದ್ದು ಚಿಕಿತ್ಸಕ ಸಾಕುಪಾಲನೆ. ಇದರಲ್ಲಿ ವಿಶೇಷ ತರಬೇತಿ ಪಡೆದ ದಂಪತಿ ಸಾಮಾನ್ಯವಾಗಿ ಒಂದೇ ಮಗುವನ್ನು, ಹೆಚ್ಚೆಂದರೆ ಇಬ್ಬರನ್ನು, ತಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತಾರೆ. ಅವರಿಗೆ ಸಾಮಾನ್ಯ ಸಾಕುಮನೆಗಿಂತ ಹೆಚ್ಚಿನ ಭತ್ಯೆ ಸಿಗುತ್ತದೆ. ಹಗಲಿರುಳು ಫೋನಿಗೆ ಸಿಗುವ ತಜ್ಞರ ತಂಡ ಅವರ ಬೆನ್ನಿಗಿರುತ್ತದೆ. ವಾರಕ್ಕೊಮ್ಮೆ ಚಿಕಿತ್ಸಕರ ಕೋಣೆಯಲ್ಲಿ ಕಳೆಯುವ ಒಂದು ಗಂಟೆಗಿಂತ, ಬೆಳಿಗ್ಗೆ ಹಲ್ಲುಜ್ಜುವುದರಿಂದ ರಾತ್ರಿ ದೀಪ ಆರಿಸುವವರೆಗಿನ ಮನೆಯ ದಿನಚರಿಯೇ ಇಲ್ಲಿ ಹೆಚ್ಚಿನ ಚಿಕಿತ್ಸೆ. ಹಾಗಾಗಿ ಮಗುವನ್ನು ಗುಣಪಡಿಸುವ ಪ್ರಶ್ನೆ, ಮಗುವಿನ ಪಕ್ಕದಲ್ಲಿರುವ ದೊಡ್ಡವರನ್ನು ಗಟ್ಟಿಯಾಗಿ ನಿಲ್ಲಿಸುವ ಪ್ರಶ್ನೆಯೂ ಆಗುತ್ತದೆ.

ಕುಟುಂಬವೇ ಏಕೆ?

ಹೊಟ್ಟೆಗೆ ಹಾಕಿ, ಚೊಕ್ಕಟವಾಗಿಟ್ಟರೆ ಮಗು ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅನಾಥಾಲಯಗಳನ್ನು ಆಳಿತು. 1945ರಲ್ಲಿ ಮನೋವಿಶ್ಲೇಷಕ ರೆನೆ ಸ್ಪಿಟ್ಜ್ ಈ ನಂಬಿಕೆಯನ್ನು ಅಲುಗಾಡಿಸಿದರು. ಶುಚಿಯಾಗಿದ್ದರೂ ಎತ್ತಿಕೊಳ್ಳುವ ಕೈಗಳಿಲ್ಲದ ಶಿಶುಗೃಹದಲ್ಲಿ ಕೂಸುಗಳು ಸೊರಗುತ್ತಿದ್ದುದನ್ನು, ಸಾಯುತ್ತಿದ್ದುದನ್ನು ಅವರು ದಾಖಲಿಸಿದರು. 1951ರಲ್ಲಿ ಬ್ರಿಟನ್ನಿನ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ತಾಯಿಯ ಅಥವಾ ತಾಯಿಯಂಥ ಒಬ್ಬರ ಬೆಚ್ಚಗಿನ, ಕಡಿಯದ ಸಂಬಂಧ ಆಹಾರದಷ್ಟೇ ಅಗತ್ಯವೆಂದು ವಾದಿಸಿದರು. ಅವರ ಚಿಂತನೆ ಮುಂದೆ ‘ಅಟ್ಯಾಚ್‌ಮೆಂಟ್’ ಸಿದ್ಧಾಂತವಾಗಿ ಬೆಳೆಯಿತು. ಹೆದರಿದಾಗ ಓಡಿಬಂದು ಸೇರಲು ಒಂದು ಮಡಿಲಿದೆ ಎಂಬ ಭರವಸೆ ಇದ್ದರೆ ಮಾತ್ರ ಮಗು ಧೈರ್ಯವಾಗಿ ಲೋಕವನ್ನು ಅರಿಯಲು ಹೊರಡುತ್ತದೆ ಎಂಬುದು ಅದರ ತಿರುಳು.

ಈ ಮಾತಿಗೆ ಅತ್ಯಂತ ಗಟ್ಟಿಯಾದ ಪುರಾವೆ ಸಿಕ್ಕಿದ್ದು ರೊಮೇನಿಯಾದಲ್ಲಿ. ಸರ್ವಾಧಿಕಾರಿ ಚೌಶೆಸ್ಕು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ ಮೇಲೆ, ಸಾಕಲಾಗದ ಬಡವರ ಮಕ್ಕಳು ಸರ್ಕಾರಿ ಶಿಶುಗೃಹಗಳಲ್ಲಿ ತುಂಬಿಕೊಂಡರು. 1989ರಲ್ಲಿ ಅವನ ಆಳ್ವಿಕೆ ಉರುಳಿದಾಗ ಅಂಥ ಮಕ್ಕಳ ಸಂಖ್ಯೆ ಲಕ್ಷ ಮೀರಿತ್ತು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಅಮೆರಿಕದ ವಿಜ್ಞಾನಿಗಳು 2000ದ ಹೊತ್ತಿಗೆ ಬುಕಾರೆಸ್ಟ್‌ನಲ್ಲಿ ಅಧ್ಯಯನವೊಂದನ್ನು ಆರಂಭಿಸಿದರು. ಆರರಿಂದ 31 ತಿಂಗಳೊಳಗಿನ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಅರ್ಧ ಮಕ್ಕಳನ್ನು ತರಬೇತಾದ ಸಾಕುಮನೆಗಳಿಗೆ ಕಳಿಸಿದರು. ಉಳಿದವರಿಗೆ ಅಲ್ಲಿನ ವಾಡಿಕೆಯ ಆರೈಕೆ ಮುಂದುವರಿಯಿತು. ಮೂರೂವರೆ ವರ್ಷದ ಹೊತ್ತಿಗೆ ಸಾಕುಮನೆಯ ಮಕ್ಕಳ ಸರಾಸರಿ ಬುದ್ಧಿಮಟ್ಟದ ಅಂಕ ಸುಮಾರು 86, ಇನ್ನೊಂದು ಗುಂಪಿನದು 77. ಹೆತ್ತವರೊಂದಿಗೇ ಬೆಳೆದ ಮಕ್ಕಳ ಅಂಕ 103. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡಿದ್ದರು. ಕುಟುಂಬ ಗಾಯವನ್ನು ಮಾಯಿಸಬಲ್ಲದು, ಆದರೆ ತಡವಾದಷ್ಟೂ ಕಲೆ ಉಳಿಯುತ್ತದೆ. ಈ ಎರಡೂ ಸಂಗತಿಗಳನ್ನು ಆ ಅಂಕಿಗಳು ಒಟ್ಟಿಗೇ ಹೇಳುತ್ತವೆ.

ಅಪಾಯಕ್ಕೆ ಒಗ್ಗಿದ ಮೆದುಳು

ಸಾಕುಮನೆಗೆ ಬರುವ ಮಗು ಖಾಲಿ ಪಾಟಿಯಂತೆ ಬರುವುದಿಲ್ಲ. ಅಪಾಯದ ನಡುವೆ ಬದುಕಲು ಬೇಕಾದ ಪಾಠಗಳನ್ನು ಅದರ ಮೈ ಮನಸ್ಸುಗಳು ಆಗಲೇ ಕಲಿತಿರುತ್ತವೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೇತ್ ಪೊಲಾಕ್ ಮಕ್ಕಳಿಗೆ ಮಸುಕಾದ ಮುಖದ ಚಿತ್ರಗಳನ್ನು ಹಂತಹಂತವಾಗಿ ಸ್ಪಷ್ಟವಾಗುವಂತೆ ತೋರಿಸಿ, ಯಾವ ಭಾವವೆಂದು ಗುರುತಿಸಲು ಹೇಳಿದರು. ಹೊಡೆತ ತಿಂದು ಬೆಳೆದ ಮಕ್ಕಳು ಉಳಿದವರಿಗಿಂತ ಬಲು ಬೇಗ, ಮುಖ ಇನ್ನೂ ಮಸುಕಾಗಿರುವಾಗಲೇ, ಸಿಟ್ಟನ್ನು ಹಿಡಿದುಬಿಟ್ಟರು. ಅಪ್ಪನ ಹುಬ್ಬು ಗಂಟಿಕ್ಕಿದ ಕ್ಷಣವೇ ಬಾಗಿಲ ಹಿಂದೆ ಅಡಗಬೇಕಾಗಿದ್ದ ಮನೆಯಲ್ಲಿ ಇದು ಬದುಕಿಸುವ ವಿದ್ಯೆ. ಸಿಟ್ಟಿಲ್ಲದ ಮನೆಯಲ್ಲಿ ಅದೇ ವಿದ್ಯೆ ಮುಳುವಾಗುತ್ತದೆ. ಹಾವುಗಳ ನಡುವೆ ಬೆಳೆದವರಿಗೆ ಹಗ್ಗವೂ ಹಾವೇ. ತಲೆನೋವಿನಿಂದ ಮುಖ ಸಿಂಡರಿಸಿದ ಸಾಕುತಾಯಿಯನ್ನು ಕಂಡ ಮಗು, ಇನ್ನೇನು ಏಟು ಬೀಳುತ್ತದೆ ಎಂದು ಮೊದಲೇ ಕಿರುಚಾಡಬಹುದು.

ಮೈಯೊಳಗಿನ ಒತ್ತಡದ ವ್ಯವಸ್ಥೆಯೂ ಬದಲಾಗಿರುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಸಾಮಾನ್ಯವಾಗಿ ಬೆಳಿಗ್ಗೆ ಎದ್ದೊಡನೆ ಏರಿ, ದಿನ ಕಳೆದಂತೆ ಇಳಿಯುತ್ತ, ಮಲಗುವ ಹೊತ್ತಿಗೆ ತೀರಾ ಕಡಿಮೆಯಾಗುತ್ತದೆ. ಎಳವೆಯಲ್ಲಿ ಕಡೆಗಣನೆಗೆ ಒಳಗಾದ ಹಲವು ಮಕ್ಕಳಲ್ಲಿ ಈ ಏರಿಳಿತವೇ ಮಟ್ಟಸವಾಗಿರುತ್ತದೆ: ಬೆಳಗಿನ ಏರಿಕೆ ಇಲ್ಲ, ರಾತ್ರಿಯ ಇಳಿಕೆಯೂ ಅಷ್ಟಿಲ್ಲ. ಇದರ ಜೊತೆಗೆ ಗಮನವಿಡುವ, ತಡೆದುಕೊಳ್ಳುವ, ಮುಂದಿನದನ್ನು ಯೋಚಿಸಿ ನಡೆಯುವ ಸಾಮರ್ಥ್ಯ ಹಿಂದುಳಿದಿರಬಹುದು. ಗರ್ಭದಲ್ಲಿದ್ದಾಗಲೇ ಮದ್ಯದ ಪ್ರಭಾವಕ್ಕೆ ಸಿಕ್ಕಿದ ಮಕ್ಕಳಲ್ಲಿ ಈ ತೊಡಕು ಇನ್ನೂ ಆಳ. ಹನ್ನೆರಡು ವರ್ಷದ ಹುಡುಗನೊಬ್ಬ ಗಣಿತದಲ್ಲಿ ಹನ್ನೆರಡರವನಾಗಿ, ಸಿಟ್ಟು ತಡೆದುಕೊಳ್ಳುವುದರಲ್ಲಿ ಐದರವನಾಗಿ, ಮನೆಗೆಲಸ ನಿಭಾಯಿಸುವುದರಲ್ಲಿ ಇಪ್ಪತ್ತರವನಾಗಿ ಇರುವುದು ಇಲ್ಲಿ ಅಪರೂಪವಲ್ಲ. ಕುಡುಕ ತಾಯಿಗೂ ಚಿಕ್ಕ ತಂಗಿಗೂ ಅಡುಗೆ ಮಾಡಿ ಹಾಕಿದ ಮಗುವಿಗೆ ಆಡುವುದೇ ಮರೆತುಹೋಗಿರುತ್ತದೆ.

ಮನೆಯೊಳಗೆ ಕಾಣುವುದು

ಇವೆಲ್ಲ ಮನೆಯಲ್ಲಿ ಸಣ್ಣ ಸಣ್ಣ ನಡೆಗಳಾಗಿ ಕಾಣಿಸಿಕೊಳ್ಳುತ್ತವೆ. ಹಸಿದು ಬೆಳೆದ ಮಗು ದಿಂಬಿನ ಕೆಳಗೆ ಬ್ರೆಡ್ಡು, ಬಿಸ್ಕತ್ತು ಬಚ್ಚಿಡುತ್ತದೆ. ಫ್ರಿಜ್ ತುಂಬ ಊಟವಿದ್ದರೂ ನಾಳೆ ಇರುತ್ತದೆಂಬ ನಂಬಿಕೆ ಅದಕ್ಕಿಲ್ಲ. ರಾತ್ರಿ ದೌರ್ಜನ್ಯ ನಡೆದಿದ್ದರೆ ಮಲಗುವ ಹೊತ್ತೇ ಭಯದ ಹೊತ್ತು; ಹತ್ತು ವರ್ಷದ ಮಗುವೂ ಹಾಸಿಗೆ ಒದ್ದೆ ಮಾಡಬಹುದು. ಕಣ್ಣೆದುರೇ ನಡೆದದ್ದನ್ನು ‘ನಾನಲ್ಲ’ ಎನ್ನುವ ಸುಳ್ಳು, ಶಿಕ್ಷೆಯಿಂದ ಪಾರಾಗಲು ಕಲಿತ ಅಭ್ಯಾಸ. ಕೆಲವು ಮಕ್ಕಳು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ನೋವಾದಾಗಲೂ ಸಮಾಧಾನ ಕೇಳುವುದಿಲ್ಲ. ಇನ್ನು ಕೆಲವರು ಅಂಗಡಿಯಲ್ಲಿ ಕಂಡ ಅಪರಿಚಿತನ ಕೈ ಹಿಡಿದು ಹೊರಟೇಬಿಡುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಈ ಎರಡನ್ನೂ ಬೇರೆಬೇರೆ ಕಾಯಿಲೆಗಳೆಂದು ಗುರುತಿಸಿದೆ.

ಸಾಕುವವರಿಗೆ ಹೆಚ್ಚು ನೋವು ಕೊಡುವುದು ಒಲವನ್ನೇ ಒದೆಯುವ ನಡೆ. ಎಲ್ಲವೂ ಸರಿಹೋಯಿತು ಎನ್ನುವ ಹುಟ್ಟುಹಬ್ಬದ ದಿನವೇ ಮಗು ಉಡುಗೊರೆಯನ್ನು ಮುರಿದುಹಾಕಬಹುದು. ಹಿಂದೆ ಹಚ್ಚಿಕೊಂಡವರೆಲ್ಲ ಬಿಟ್ಟುಹೋದರು. ಇವರೂ ಬಿಡುವುದೇ ಆದರೆ ಈಗಲೇ ಬಿಡಲಿ ಎಂಬ ಪರೀಕ್ಷೆ ಅದರಲ್ಲಿ ಅಡಗಿರುತ್ತದೆ. ಮಗುವಿನ ಬಾಯಲ್ಲಿ ಈ ವಿವರಣೆ ಇರುವುದಿಲ್ಲ. ಅದಕ್ಕೇ ತಿಳಿಯದ ಲೆಕ್ಕಾಚಾರವಿದು.

ಈ ನಡೆಗಳು ದೊಡ್ಡವರನ್ನು ಒಂದು ಬಲೆಗೆ ಎಳೆಯುತ್ತವೆ. ಓರೆಗಾನ್ ರಾಜ್ಯದ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್ ಇದನ್ನು ಮನೆಮನೆಗೆ ಹೋಗಿ ಕುಳಿತು, ಕ್ಷಣಕ್ಷಣದ ವರ್ತನೆಯನ್ನು ಬರೆದುಕೊಂಡು ಅರಿತರು. ದೊಡ್ಡವರು ಏನೋ ಹೇಳುತ್ತಾರೆ, ಮಗು ರಂಪ ಮಾಡುತ್ತದೆ, ದೊಡ್ಡವರು ದನಿ ಏರಿಸುತ್ತಾರೆ, ಮಗು ಇನ್ನೂ ಏರಿಸುತ್ತದೆ, ಕೊನೆಗೆ ದಣಿದು ಬಿಟ್ಟುಕೊಡುತ್ತಾರೆ. ರಂಪ ನಿಂತದ್ದು ದೊಡ್ಡವರಿಗೆ ಬಹುಮಾನ. ಬೇಡದ ಕೆಲಸ ತಪ್ಪಿದ್ದು ಮಗುವಿಗೆ ಬಹುಮಾನ. ಇಬ್ಬರೂ ಅರಿವಿಲ್ಲದೆ ಒಬ್ಬರಿಗೊಬ್ಬರು ಕೆಟ್ಟ ಪಾಠ ಕಲಿಸಿರುತ್ತಾರೆ. ದಿನಕ್ಕೆ ಹತ್ತಾರು ಬಾರಿ ತಿರುಗುವ ಈ ಚಕ್ರವನ್ನು ನಿಲ್ಲಿಸುವುದೇ ಚಿಕಿತ್ಸೆಯ ಮೊದಲ ಕೆಲಸ.

ಓರೆಗಾನ್‌ನ ಮಾದರಿ

ಪ್ಯಾಟರ್ಸನ್ ಅವರ ಸಂಶೋಧನಾ ಕೇಂದ್ರದಲ್ಲೇ ಕೆಲಸ ಮಾಡುತ್ತಿದ್ದ ಪೆಟ್ರೀಷಿಯಾ ಚೇಂಬರ್ಲಿನ್ 1983ರಲ್ಲಿ ಈ ತಿಳಿವನ್ನು ಸಾಕುಮನೆಗೆ ತಂದರು. ಪದೇಪದೇ ಅಪರಾಧ ಎಸಗಿ, ಬಾಲಾಪರಾಧಿಗಳ ಶಾಲೆಗೆ ಹೋಗಬೇಕಾಗಿದ್ದ ಹುಡುಗರು ಅವರ ಮೊದಲ ಗುಂಪು. ಈಗ ‘ಟ್ರೀಟ್‌ಮೆಂಟ್ ಫಾಸ್ಟರ್ ಕೇರ್ ಓರೆಗಾನ್’ ಎಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿ ನಡೆಯುವ ಈ ಕಾರ್ಯಕ್ರಮ, ಚಿಕಿತ್ಸಕ ಸಾಕುಪಾಲನೆಯ ಬಗೆಗಳಲ್ಲೆಲ್ಲ ಹೆಚ್ಚು ಪರೀಕ್ಷೆಗೆ ಒಳಗಾದದ್ದು.

ಇದರಲ್ಲಿ ಮಗು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಸಾಕುಮನೆಯಲ್ಲಿರುತ್ತದೆ. ಹೊತ್ತಿಗೆ ಸರಿಯಾಗಿ ಎದ್ದರೆ ಇಷ್ಟು, ಹಾಸಿಗೆ ಮಡಿಸಿದರೆ ಇಷ್ಟು, ಶಾಲೆಯಲ್ಲಿ ಪಾಠ ಕೇಳಿದರೆ ಇಷ್ಟು ಎಂದು ದಿನವಿಡೀ ಅಂಕಗಳು ಸೇರುತ್ತವೆ. ತಪ್ಪಿಗೆ ಅಂಕ ಕಳೆಯುತ್ತವೆ. ಅಂಕ ಕಳೆಯುವಾಗ ಉಪದೇಶವಿಲ್ಲ, ಗದರಿಕೆಯಿಲ್ಲ. ಬಸ್ ಕಂಡಕ್ಟರ್ ಚಿಲ್ಲರೆ ಎಣಿಸಿ ಕೊಟ್ಟಷ್ಟು ತಣ್ಣಗೆ ಅದು ಮುಗಿಯಬೇಕು. ಸೇರಿದ ಅಂಕಗಳು ಟಿವಿ, ಆಟ, ಹೊರಗಿನ ಓಡಾಟಗಳ ಸ್ವಾತಂತ್ರ್ಯವಾಗಿ ಮರಳುತ್ತವೆ. ಹಂತ ಏರಿದಂತೆ ಸ್ವಾತಂತ್ರ್ಯವೂ ಏರುತ್ತದೆ. ಇದನ್ನು ಲಂಚವೆಂದು ಬಗೆಯುವವರಿದ್ದಾರೆ. ಆದರೆ ಏನು ಮಾಡಿದರೆ ಏನಾಗುತ್ತದೆ ಎಂಬುದೇ ತಿಳಿಯದ ಗೊಂದಲದಲ್ಲಿ ಬೆಳೆದ ಮಗುವಿಗೆ, ಹೇಳಿದ್ದು ಹೇಳಿದಂತೆ ನಡೆಯುವ ಮನೆ ಹೊಸ ಅನುಭವ.

ತಂಡದ ಕೆಲಸ ಹಂಚಿಕೆಯೂ ಯೋಚಿಸಿ ಮಾಡಿದ್ದು. ಮೇಲ್ವಿಚಾರಕರೊಬ್ಬರು ನಿಯಮಗಳ ಹೊಣೆ ಹೊರುತ್ತಾರೆ. ‘ಬೇಡ’ ಎನ್ನುವ ಕಠಿಣ ತೀರ್ಮಾನ ಅವರದಾದ್ದರಿಂದ ಸಾಕುತಾಯಿ ಮಗುವಿನ ಪಕ್ಷದಲ್ಲೇ ನಿಲ್ಲಬಹುದು. ಮಗುವಿನ ಚಿಕಿತ್ಸಕರು ಬೇರೆ, ಹೆತ್ತವರ ಜೊತೆ ಕೆಲಸ ಮಾಡುವವರು ಬೇರೆ. ಆಟದ ಮೈದಾನ, ಅಂಗಡಿಗಳಿಗೆ ಮಗುವನ್ನು ಕರೆದೊಯ್ದು ನಡೆನುಡಿ ಅಭ್ಯಾಸ ಮಾಡಿಸುವ ತರಬೇತುದಾರರು ಇನ್ನೊಬ್ಬರು. ತಂಡದಿಂದ ಸಾಕುಮನೆಗೆ ಪ್ರತಿದಿನ ಒಂದು ಫೋನ್ ಕರೆ ಹೋಗುತ್ತದೆ. ಕಳೆದ 24 ಗಂಟೆಗಳಲ್ಲಿ ವಾದ ಮಾಡಿದನೇ, ಸುಳ್ಳು ಹೇಳಿದನೇ, ಅತ್ತನೇ ಎಂದು ಸಿದ್ಧಪಟ್ಟಿಯಿಂದ ಕೇಳಿ, ಅದರಿಂದ ಎಷ್ಟು ಒತ್ತಡವಾಯಿತು ಎಂದೂ ಬರೆದುಕೊಳ್ಳುತ್ತಾರೆ. ವಾರಕ್ಕೊಮ್ಮೆ ಸಾಕುವವರೆಲ್ಲ ಒಂದೆಡೆ ಸೇರುತ್ತಾರೆ. ಬೆಂಕಿ ಹೊತ್ತಿದ ಮೇಲೆ ನೀರು ಹುಡುಕುವ ಬದಲು, ಹೊಗೆ ಕಂಡ ದಿನವೇ ಕೈ ಹಾಕಲು ಇದರಿಂದ ಸಾಧ್ಯವಾಗುತ್ತದೆ.

ಒಂದೇ ಮನೆಯಲ್ಲಿ ಹಲವು ತೊಂದರೆಯ ಮಕ್ಕಳನ್ನು ಇರಿಸದಿರುವುದಕ್ಕೂ ಕಾರಣವಿದೆ. ಓರೆಗಾನ್‌ನವರೇ ಆದ ಥಾಮಸ್ ಡಿಶಿಯನ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದಂತೆ, ದಾರಿ ತಪ್ಪಿದ ಹದಿಹರೆಯದವರನ್ನು ಒಟ್ಟುಗೂಡಿಸಿ ಸುಧಾರಿಸಲು ಹೊರಟರೆ ಕೆಲವೊಮ್ಮೆ ಅವರ ನಡತೆ ಇನ್ನಷ್ಟು ಕೆಡುತ್ತದೆ. ಒಬ್ಬನ ಪುಂಡಾಟದ ಕತೆಗೆ ಉಳಿದವರ ನಗುವೇ ಶಾಭಾಸ್‌ಗಿರಿ.

ಫಲಿತಾಂಶ ಮತ್ತು ಮಿತಿ

ಚೇಂಬರ್ಲಿನ್ ಮತ್ತು ಜಾನ್ ರೀಡ್ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12ರಿಂದ 17 ವರ್ಷದ 79 ಹುಡುಗರಿದ್ದರು. ಚೀಟಿ ಎತ್ತಿದಂತೆ ಕೆಲವರನ್ನು ಚಿಕಿತ್ಸಕ ಸಾಕುಮನೆಗೆ, ಉಳಿದವರನ್ನು ವಸತಿ ಕೇಂದ್ರಗಳಿಗೆ ಕಳಿಸಲಾಯಿತು. ಮುಂದಿನ ಒಂದು ವರ್ಷದಲ್ಲಿ ದಾಖಲಾದ ಅಪರಾಧಗಳ ಸರಾಸರಿ ಮೊದಲ ಗುಂಪಿನಲ್ಲಿ 2.6, ಎರಡನೆಯದರಲ್ಲಿ 5.4. ವ್ಯತ್ಯಾಸ ಬಂದದ್ದು ಎಲ್ಲಿಂದ ಎಂದು ಬಿಡಿಸಿ ನೋಡಿದಾಗ ನಾಲ್ಕು ಎಳೆಗಳು ಸಿಕ್ಕವು: ದೊಡ್ಡವರ ನಿಗಾ, ನ್ಯಾಯವಾದ ಮತ್ತು ಏಕರೀತಿಯ ಶಿಸ್ತು, ಒಬ್ಬ ಹಿರಿಯರೊಂದಿಗೆ ಒಳ್ಳೆಯ ನಂಟು, ಪುಂಡರ ಸಹವಾಸದಿಂದ ದೂರ. ನಾಲ್ಕರಲ್ಲಿ ಒಂದೂ ಅಪರೂಪದ ಔಷಧವಲ್ಲ. ಒಳ್ಳೆಯ ಮನೆಯೊಂದು ತನ್ನಷ್ಟಕ್ಕೆ ಮಾಡುವ ಕೆಲಸಗಳೇ. ತೀವ್ರ ತೊಂದರೆಯ ಮಗುವಿನೆದುರು ಅವುಗಳನ್ನು ದಿನಾ ಬಿಡದೆ ಮಾಡಲು ಬೆನ್ನ ಹಿಂದೆ ಒಂದು ತಂಡ ಬೇಕಾಗುತ್ತದೆ, ಅಷ್ಟೇ.

ಎಲ್ಲ ಕಡೆಯೂ ಫಲ ಒಂದೇ ರೀತಿ ಬರಲಿಲ್ಲ. ಇಂಗ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 219 ಮಕ್ಕಳಿದ್ದರು. ಒಟ್ಟಾರೆ ನೋಡಿದರೆ ಅಲ್ಲಿನ ವಾಡಿಕೆಯ ಆರೈಕೆಗಿಂತ ಈ ಮಾದರಿ ಮೇಲೆಂದು ಕಾಣಲಿಲ್ಲ. ಸಮಾಜವಿರೋಧಿ ವರ್ತನೆ ಇದ್ದ ಮಕ್ಕಳಿಗೆ ಪ್ರಯೋಜನವಾಯಿತು. ಆ ವರ್ತನೆ ಇಲ್ಲದವರು ವಾಡಿಕೆಯ ಆರೈಕೆಯಲ್ಲೇ ಚೆನ್ನಾಗಿದ್ದರು. ಪುಂಡಾಟಿಕೆಯನ್ನು ತಿದ್ದಲು ಹೊಲಿದ ಅಂಗಿ, ಒಳಗೊಳಗೇ ಮುದುಡಿದ ಮಗುವಿಗೆ ಹೊಂದಲಿಲ್ಲ. ಯಾವ ಮಗುವಿಗೆ ಯಾವ ಬಗೆಯ ಮನೆ ಎಂಬ ಆಯ್ಕೆಯೂ ಚಿಕಿತ್ಸೆಯ ಭಾಗವೇ.

ಎಳೆಯ ಮಕ್ಕಳಿಗೆ

ಶಾಲೆಗೆ ಹೋಗುವ ಮೊದಲಿನ ವಯಸ್ಸಿನವರಿಗೆ ಅಂಕಪಟ್ಟಿ ಅರ್ಥವಾಗುವುದಿಲ್ಲ. ಫಿಲಿಪ್ ಫಿಶರ್ ಓರೆಗಾನ್ ಮಾದರಿಯನ್ನು ಈ ವಯಸ್ಸಿಗೆ ತಕ್ಕಂತೆ ತಿದ್ದಿದರು: ಒಡನೆಯೇ ಸಿಗುವ ಮೆಚ್ಚುಗೆ, ಬದಲಾಗದ ದಿನಚರಿ, ವಾರಕ್ಕೊಮ್ಮೆ ಆಟದ ಗುಂಪು. ಹೀಗೆ ಬೆಂಬಲ ಸಿಕ್ಕ ಮನೆಗಳಲ್ಲಿ ಮಕ್ಕಳ ಕಾರ್ಟಿಸಾಲಿನ ದಿನದ ಏರಿಳಿತ ಸಾಮಾನ್ಯ ಮಕ್ಕಳದ್ದಕ್ಕೆ ಹತ್ತಿರವಾಗಿ ಉಳಿಯಿತು. ಬೆಂಬಲವಿಲ್ಲದ ಸಾಕುಮನೆಗಳಲ್ಲಿ ಅದು ವರ್ಷದೊಳಗೆ ಇನ್ನಷ್ಟು ಮಟ್ಟಸವಾಯಿತು. 2008ರಲ್ಲಿ ಬಂದ ಅವರ ಇನ್ನೊಂದು ವರದಿ ಮತ್ತೂ ಕುತೂಹಲಕಾರಿ. ಬೆಂಬಲವಿಲ್ಲದ ಮನೆಗಳಲ್ಲಿ ಮಗುವಿನ ರಂಪದಿಂದ ಸಾಕುವವರಿಗೆ ಒತ್ತಡ ಹೆಚ್ಚಿದಷ್ಟೂ ಮಗುವಿನ ಬೆಳಗಿನ ಕಾರ್ಟಿಸಾಲ್ ಕುಸಿದಿತ್ತು. ದೊಡ್ಡವರ ದಣಿವಿನ ಗುರುತು, ಕಾರ್ಟಿಸಾಲ್ ಅಳೆಯಲು ತೆಗೆದ ಮಗುವಿನ ಎಂಜಲಿನ ಮಾದರಿಯಲ್ಲಿ ಸಿಕ್ಕಿತ್ತು.

ಡೆಲವೇರ್ ವಿಶ್ವವಿದ್ಯಾಲಯದ ಮೇರಿ ಡೋಜಿಯರ್ ಕೂಸುಗಳ ಕಡೆ ಗಮನ ಹರಿಸಿದರು. ಅತ್ತಾಗ ಕೈಚಾಚದೆ ಮುಖ ತಿರುಗಿಸುವ ಕೂಸನ್ನು ನೋಡಿ, ಇದಕ್ಕೆ ತನ್ನ ಅಗತ್ಯವಿಲ್ಲ ಎಂದುಕೊಂಡು ಸಾಕುತಾಯಿಯೂ ಹಿಂದೆ ಸರಿಯುತ್ತಾಳೆ ಎಂಬುದನ್ನು ಅವರು ಗಮನಿಸಿದ್ದರು. ಅವರು ರೂಪಿಸಿದ ಕಾರ್ಯಕ್ರಮದಲ್ಲಿ ತರಬೇತುದಾರರು ವಾರಕ್ಕೊಮ್ಮೆಯಂತೆ ಹತ್ತು ಬಾರಿ ಮನೆಗೇ ಬರುತ್ತಾರೆ. ಕಲಿಸುವುದು ಮೂರೇ ವಿಷಯ: ಮಗು ಕೇಳದಿದ್ದರೂ ಸಮಾಧಾನಿಸುವುದು, ಆಟದಲ್ಲಿ ಮಗುವನ್ನು ಮುಂದೆ ಬಿಟ್ಟು ಖುಷಿಯಿಂದ ಹಿಂಬಾಲಿಸುವುದು, ಹೆದರಿಸುವ ನಡೆಯನ್ನು ಬಿಡುವುದು. ಸರಿಯಾದದ್ದು ನಡೆದ ಆ ಕ್ಷಣದಲ್ಲೇ ಅದನ್ನು ಗುರುತಿಸಿ ಹೇಳುವುದು ತರಬೇತುದಾರರ ಮುಖ್ಯ ಕೆಲಸ. ಮಕ್ಕಳ ರಕ್ಷಣಾ ಇಲಾಖೆಯ ನಿಗಾದಲ್ಲಿದ್ದ ಕುಟುಂಬಗಳಲ್ಲಿ ಇದನ್ನು ಪರೀಕ್ಷಿಸಿದಾಗ, ದಿಕ್ಕೆಟ್ಟ ಬಾಂಧವ್ಯ ತೋರಿದ ಮಕ್ಕಳ ಪ್ರಮಾಣ ಶೇಕಡಾ 32 ಇತ್ತು. ಬೇರೆ ತರಬೇತಿ ಪಡೆದ ಮನೆಗಳಲ್ಲಿ ಅದು 57.

ಮಾತಿನ ಚಿಕಿತ್ಸೆ ಮತ್ತು ಮಾತ್ರೆ

ಮನೆಯ ದಿನಚರಿ ನೆಲೆಗೊಂಡ ಮೇಲೆ ಹಳೆಯ ಆಘಾತವನ್ನು ನೇರವಾಗಿ ಮುಟ್ಟುವ ಚಿಕಿತ್ಸೆಗೂ ಜಾಗವಿದೆ. ಆಘಾತ ಕೇಂದ್ರಿತ ಅರಿವಿನ ವರ್ತನಾ ಚಿಕಿತ್ಸೆಯಲ್ಲಿ ಮಗು ಮೊದಲು ಉಸಿರಾಟ, ಮೈ ಸಡಿಲಿಸುವಿಕೆ, ಭಾವನೆಗಳಿಗೆ ಹೆಸರಿಡುವುದು ಇವನ್ನು ಕಲಿಯುತ್ತದೆ. ಬಳಿಕ ನಡೆದದ್ದನ್ನು ಸ್ವಲ್ಪಸ್ವಲ್ಪವಾಗಿ ಹೇಳುತ್ತ, ಬರೆಯುತ್ತ, ‘ನನ್ನಿಂದಲೇ ಹೀಗಾಯಿತು’ ಎಂಬ ತಪ್ಪು ನಂಬಿಕೆಯನ್ನು ಸಡಿಲಿಸಿಕೊಳ್ಳುತ್ತದೆ. ಇಲ್ಲಿಯೂ ಸಾಕುವವರು ಹೊರಗೆ ಕಾಯುವುದಿಲ್ಲ. ಅವರಿಗೆ ಜೊತೆಜೊತೆಗೇ ಪಾಠ ನಡೆಯುತ್ತದೆ. ಇನ್ನೊಂದು ವಿಧಾನದಲ್ಲಿ ಚಿಕಿತ್ಸಕರು ಕನ್ನಡಿ ಗೋಡೆಯ ಆಚೆ ಕುಳಿತು, ಮಗುವಿನೊಡನೆ ಆಡುವ ದೊಡ್ಡವರ ಕಿವಿಯಲ್ಲಿ ಪುಟ್ಟ ಸಾಧನದ ಮೂಲಕ ಸಲಹೆ ಹೇಳುತ್ತಾರೆ.

ಮಾತ್ರೆಗಳ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2011ರಲ್ಲಿ ಐದು ರಾಜ್ಯಗಳ ದಾಖಲೆ ಪರಿಶೀಲಿಸಿತು. ಸರ್ಕಾರಿ ಆರೋಗ್ಯ ಯೋಜನೆಯಲ್ಲಿದ್ದ ಉಳಿದ ಮಕ್ಕಳಿಗೆ ಹೋಲಿಸಿದರೆ ಸಾಕುಪಾಲನೆಯ ಮಕ್ಕಳಿಗೆ 2.7ರಿಂದ 4.5 ಪಟ್ಟು ಹೆಚ್ಚಾಗಿ ಮನೋವೈದ್ಯಕೀಯ ಔಷಧಿ ಬರೆದುಕೊಡಲಾಗಿತ್ತು. ಅವರ ತೊಂದರೆ ಹೆಚ್ಚಿನದೆಂಬುದು ನಿಜ. ಆದರೆ ಮನೆ ಬದಲಾದಾಗ ವೈದ್ಯರೂ ಬದಲಾಗಿ, ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಸೇರುತ್ತದೆ. ಭಯದಿಂದ ಚಡಪಡಿಸುವ ಮಗು ಗಮನ ಕೊರತೆಯ ಮಗುವಿನಂತೆಯೇ ಕಾಣುತ್ತದೆ. ಆದ್ದರಿಂದ ಔಷಧಿ ಬೇಕಾದಾಗಲೂ ಅದು ಏಕೆ, ಎಷ್ಟು ದಿನ, ಯಾರು ಗಮನಿಸುತ್ತಾರೆ ಎಂಬ ದಾಖಲೆ ಮಗುವಿನ ಜೊತೆಗೇ ಸಾಗಬೇಕಾಗುತ್ತದೆ.

ಮನೆ ಬದಲಾವಣೆ ಎಂಬ ಗಾಯ

ಪ್ರತಿ ಸಲ ಮನೆ ಬದಲಾದಾಗ ಮಗು ಒಂದು ಹಾಸಿಗೆ, ಒಂದು ಶಾಲೆ, ಒಬ್ಬ ಗೆಳೆಯ, ಎಷ್ಟೋ ಸಲ ತನ್ನ ಒಡಹುಟ್ಟಿದವರನ್ನು ಕಳೆದುಕೊಳ್ಳುತ್ತದೆ. ಹೆಚ್ಚು ಮನೆ ಬದಲಿಸಿದ ಮಗುವಿನ ನಡತೆ ಹೆಚ್ಚು ಕೆಡುತ್ತದೆ. ನಡತೆ ಕೆಟ್ಟಷ್ಟೂ ಮುಂದಿನ ಮನೆ ಬೇಗ ಕೈಬಿಡುತ್ತದೆ. ಸ್ಯಾನ್ ಡಿಯಾಗೋದಲ್ಲಿ ಚೇಂಬರ್ಲಿನ್ ತಂಡ 246 ಮಕ್ಕಳ ಬಗ್ಗೆ ನಡೆಸಿ, 2006ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮುರಿತಕ್ಕೆ ಒಂದು ಗಡಿರೇಖೆಯನ್ನು ತೋರಿಸಿತು. ದಿನಕ್ಕೆ ಆರು ಬಗೆಯ ತೊಂದರೆಯ ನಡೆಗಳವರೆಗೆ ಸಾಕುಮನೆಗಳು ತಾಳಿಕೊಂಡವು. ಆರು ದಾಟಿದ ಮೇಲೆ ಸೇರುವ ಒಂದೊಂದು ನಡೆಗೂ ಮಗು ಆ ಮನೆ ಬಿಡಬೇಕಾಗುವ ಸಂಭವ ಸುಮಾರು ಶೇಕಡಾ 17ರಷ್ಟು ಏರಿತು. ಹಾಗಾದರೆ ಮಗು ಪೂರ್ತಿ ಸರಿಹೋಗಬೇಕಿಲ್ಲ; ಎಂಟು ನಡೆಗಳು ಐದಕ್ಕೆ ಇಳಿದರೂ ಮನೆ ಉಳಿಯುತ್ತದೆ. ಇದನ್ನೇ ಗುರಿಯಾಗಿಸಿಕೊಂಡು ಸ್ಯಾನ್ ಡಿಯಾಗೋದ 700 ಕುಟುಂಬಗಳನ್ನು ಒಳಗೊಂಡು ‘ಕೀಪ್’ ಎಂಬ 16 ವಾರಗಳ ಗುಂಪು ತರಬೇತಿಯನ್ನು ಪರೀಕ್ಷಿಸಿದಾಗ, ತರಬೇತಿ ಸಿಕ್ಕ ಮನೆಗಳಲ್ಲಿ ಮಕ್ಕಳ ತೊಂದರೆಯ ನಡೆಗಳು ತಗ್ಗಿದವು.

ಶಾಲೆಯೂ ಈ ಲೆಕ್ಕದಲ್ಲಿ ಬರುತ್ತದೆ. ಸಾಕುಮನೆ ಬದಲಾದರೂ, ಮಗುವಿಗೆ ಒಳಿತಾಗುವುದಾದರೆ ಹಳೆಯ ಶಾಲೆಯಲ್ಲೇ ಮುಂದುವರಿಸಬೇಕೆಂದು ಅಮೆರಿಕದ 2015ರ ಶಿಕ್ಷಣ ಕಾಯ್ದೆ ಹೇಳುತ್ತದೆ. ತರಗತಿಯಲ್ಲಿ ‘ವಂಶವೃಕ್ಷ ಬರೆಯಿರಿ’, ‘ಕೂಸಾಗಿದ್ದಾಗಿನ ಫೋಟೋ ತನ್ನಿ’ ಎಂಬ ಮುಗ್ಧ ಪಾಠವೂ ಈ ಮಕ್ಕಳಿಗೆ ಇರಿಯಬಹುದು ಎಂಬ ಅರಿವು ಶಿಕ್ಷಕರಿಗೆ ಇರಬೇಕಾಗುತ್ತದೆ.

ಸಾಕುವವರು ‘ಸಾಕು’ ಎಂದಾಗ

ಮಗುವಿನ ನೋವಿನ ಕತೆಯನ್ನು ದಿನಾ ಕೇಳುವವರಿಗೂ ಆ ನೋವು ಅಂಟುತ್ತದೆ. ನಿದ್ದೆಗೆಡುವಿಕೆ, ಸಿಡುಕು, ಮಗುವನ್ನು ಕಂಡರೆ ಏನೂ ಅನ್ನಿಸದ ಬರಡುತನ ಇವು ಸಾಕುವವರಲ್ಲಿ ಕಾಣುವ ದಣಿವಿನ ಗುರುತುಗಳು. ಅವರ ಸ್ವಂತ ಮಕ್ಕಳು ತಾವು ಮೂಲೆಗುಂಪಾದೆವೆಂದು ಮುನಿಸಿಕೊಳ್ಳುತ್ತಾರೆ. ಮಗು ತಪ್ಪು ದೂರು ಕೊಟ್ಟೀತೆಂಬ ಅಂಜಿಕೆಯೂ ಕಾಡುತ್ತದೆ. ಪ್ರೀತಿ ಬತ್ತಿತೆಂದು ಅವರನ್ನು ದೂರುವುದರಿಂದ ಪ್ರಯೋಜನವಿಲ್ಲ. ಹೊರೆ ಹಂಚಿಕೊಳ್ಳಲು ಜನ ಬೇಕು.

ಅದಕ್ಕಾಗಿಯೇ ವಿರಾಮದ ಆರೈಕೆ ಇದೆ: ತಿಂಗಳಿಗೆ ಒಂದೆರಡು ದಿನ ಮಗು ಪರಿಚಿತವಾದ ಇನ್ನೊಂದು ತರಬೇತಾದ ಮನೆಯಲ್ಲಿದ್ದು ಬರುತ್ತದೆ. ಅಪರಿಚಿತರ ಮನೆಗೆ ಏಕಾಏಕಿ ಕಳಿಸಿದರೆ, ಮತ್ತೊಮ್ಮೆ ತನ್ನನ್ನು ಹೊರಹಾಕಿದರೆಂದೇ ಮಗು ತಿಳಿಯುತ್ತದೆ. ಸಿಯಾಟಲ್‌ನಲ್ಲಿ 2004ರಲ್ಲಿ ಆರಂಭವಾದ ಮಾಕಿಂಗ್‌ಬರ್ಡ್ ಮಾದರಿ ಇದಕ್ಕೆ ಚೆಂದದ ಪರಿಹಾರ ಕಂಡುಕೊಂಡಿತು. ಆರರಿಂದ ಹತ್ತು ಸಾಕುಮನೆಗಳ ನಡುವೆ ಅನುಭವಿಗಳ ಒಂದು ಕೇಂದ್ರಮನೆ ಇರುತ್ತದೆ. ಅಲ್ಲಿ ಹಬ್ಬದೂಟ ನಡೆಯುತ್ತದೆ, ಮಕ್ಕಳು ಒಟ್ಟಿಗೆ ಆಡುತ್ತಾರೆ, ದಣಿದವರು ಮಗುವನ್ನು ಒಂದು ರಾತ್ರಿ ಬಿಟ್ಟುಹೋಗಬಹುದು. ಅಜ್ಜಿಮನೆ, ಅತ್ತೆಮನೆಗಳ ಬಳಗವನ್ನು ಯೋಜನೆ ಹಾಕಿ ಕಟ್ಟಿದಂತೆ ಇದು. ಇಂಗ್ಲೆಂಡಿನಲ್ಲೂ ಇದು ಬಳಕೆಗೆ ಬಂದಿದೆ.

ಹೆತ್ತವರು ಮತ್ತು ಮುಂದಿನ ದಾರಿ

ಹೊಡೆದ ತಾಯಿಯನ್ನೂ ಮಗು ನೆನೆಯುತ್ತದೆ. ಸಾಕುತಾಯಿಯನ್ನು ಹಚ್ಚಿಕೊಂಡರೆ ಹೆತ್ತವಳಿಗೆ ದ್ರೋಹವಾಗುತ್ತದೆಂಬ ಇಬ್ಬಂದಿ ಬಹಳ ಮಕ್ಕಳದು. ಭೇಟಿಯ ಹಿಂದುಮುಂದಿನ ದಿನಗಳಲ್ಲಿ ರಂಪ ಹೆಚ್ಚುತ್ತದೆ. ಭೇಟಿ ಕೆಟ್ಟದ್ದೆಂದೇ ಅದರಿಂದ ತೀರ್ಮಾನಿಸಲಾಗದು, ಅಗಲಿಕೆಯ ನೋವೂ ಅದೇ ರೂಪದಲ್ಲಿ ಹೊರಬರುತ್ತದೆ. ಸಾಕುವವರು ಹೆತ್ತವರನ್ನು ಮಗುವಿನೆದುರು ಹಳಿಯದಿರುವುದು ಚಿಕಿತ್ಸೆಯ ನಿಯಮಗಳಲ್ಲಿ ಒಂದು. ಓರೆಗಾನ್ ಮಾದರಿಯಲ್ಲಿ ಸಾಕುಮನೆಯ ಅದೇ ಅಂಕ ಪದ್ಧತಿಯನ್ನು ಹೆತ್ತವರಿಗೂ ಕಲಿಸಿ, ವಾರಾಂತ್ಯದ ಭೇಟಿಗಳಲ್ಲಿ ಅಭ್ಯಾಸ ಮಾಡಿಸುತ್ತಾರೆ. ಮಗು ಮಾತ್ರ ಬದಲಾಗಿ, ಮನೆ ಇದ್ದಂತೆಯೇ ಇದ್ದರೆ ಕಲಿತದ್ದು ಕರಗಲು ಹೆಚ್ಚು ದಿನ ಬೇಡ.

ಮರಳಲು ಮನೆಯಿಲ್ಲದವರಿಗೆ ದತ್ತು ಅಥವಾ ಬಂಧುಗಳ ಪಾಲನೆ ಮುಂದಿನ ದಾರಿ. ಅದೂ ಸಿಗದವರು 18 ತುಂಬಿದಾಗ ವ್ಯವಸ್ಥೆಯಿಂದ ಹೊರಬೀಳುತ್ತಾರೆ. ಬಾಡಿಗೆ ಮನೆ, ಕೆಲಸ, ಬ್ಯಾಂಕ್ ಖಾತೆ, ಜ್ವರ ಬಂದರೆ ಗಂಜಿ ಕಾಯಿಸುವವರು ಯಾರು ಎಂಬ ಪ್ರಶ್ನೆಗಳೆಲ್ಲ ಒಮ್ಮೆಲೇ ಎರಗುತ್ತವೆ. 2008ರ ಅಮೆರಿಕದ ಕಾಯ್ದೆ 21ರವರೆಗೆ ಪಾಲನೆ ಮುಂದುವರಿಸಲು ರಾಜ್ಯಗಳಿಗೆ ನೆರವು ಕೊಟ್ಟಿತು. 18ರವರೆಗೆ ವ್ಯವಸ್ಥೆಯಲ್ಲಿದ್ದವರಿಗೆ 26 ತುಂಬುವವರೆಗೂ ಸರ್ಕಾರಿ ಆರೋಗ್ಯ ವಿಮೆ ಸಿಗುತ್ತದೆ. 2018ರ ಇನ್ನೊಂದು ಕಾಯ್ದೆ, ಕುಟುಂಬವಲ್ಲದ ವಸತಿ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ಹಣವನ್ನು ಕೆಲವು ವಿನಾಯಿತಿಗಳೊಂದಿಗೆ ಎರಡು ವಾರಕ್ಕೆ ಮಿತಿಗೊಳಿಸಿ, ಮನೆಗಳತ್ತ ಒಲವು ತೋರಿತು.

ಭಾರತದ ಚೌಕಟ್ಟು

ಭಾರತದಲ್ಲಿ ತಬ್ಬಲಿ ಮಕ್ಕಳನ್ನು ಅಜ್ಜಿ, ಸೋದರಮಾವ, ದೊಡ್ಡಮ್ಮಂದಿರು ಸಾಕಿದ ರೂಢಿ ಹಳೆಯದು. ಬಂಧುಗಳಲ್ಲದವರ ಮನೆಯಲ್ಲಿ ಮಗುವನ್ನು ಇರಿಸಲು 2015ರ ಬಾಲ ನ್ಯಾಯ ಕಾಯ್ದೆಯ 44ನೇ ಕಲಂ ದಾರಿ ಮಾಡಿದೆ. ಮಕ್ಕಳ ಕಲ್ಯಾಣ ಸಮಿತಿ ಆದೇಶ ಹೊರಡಿಸಬೇಕು, ಒಡಹುಟ್ಟಿದವರನ್ನು ಸಾಧ್ಯವಾದಷ್ಟು ಒಂದೇ ಮನೆಯಲ್ಲಿ ಇರಿಸಬೇಕು, ಸಮಿತಿ ತಿಂಗಳಿಗೊಮ್ಮೆ ಮನೆಯನ್ನು ಪರಿಶೀಲಿಸಬೇಕು. ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. 2024ರ ಮಾದರಿ ಮಾರ್ಗಸೂಚಿ, 35ರಿಂದ 60 ವರ್ಷದ ಒಂಟಿ ವ್ಯಕ್ತಿಗಳಿಗೂ ಅವಕಾಶ ಕೊಟ್ಟು, ಸಾಕಿದ ಮಗುವನ್ನು ದತ್ತು ಪಡೆಯಲು ಬೇಕಾದ ಅವಧಿಯನ್ನು ಐದು ವರ್ಷದಿಂದ ಎರಡಕ್ಕೆ ಇಳಿಸಿತು.

ಚಿಕಿತ್ಸೆಯ ತಿಳಿವು ಹರಿದುಬರಬಲ್ಲ ಮೂಲವೊಂದು ಬೆಂಗಳೂರಿನಲ್ಲೇ ಇದೆ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದ ಅನುಭವದಿಂದ 2020ರಲ್ಲಿ ರೂಪುಗೊಂಡ ‘ಸಂವಾದ್’ ಎಂಬ ರಾಷ್ಟ್ರೀಯ ಉಪಕ್ರಮ, ಸಂಕಷ್ಟದಲ್ಲಿರುವ ಮಕ್ಕಳೊಂದಿಗೆ ಕೆಲಸ ಮಾಡುವ ಸಿಬ್ಬಂದಿಗೆ ತರಬೇತಿ ಕೊಡುತ್ತದೆ. ಮಕ್ಕಳ ಪಾಲನಾ ಸಂಸ್ಥೆಯಿಂದ ಮನೆಗೆ ಬರುವ, ಆರು ವರ್ಷ ದಾಟಿದ ಮಗು ದಿಂಬಿನಡಿ ಚಪಾತಿ ಬಚ್ಚಿಟ್ಟ ದಿನ, ಅದು ಕಳ್ಳತನವಲ್ಲ, ಹಳೆಯ ಹಸಿವು ಎಂದು ಸಾಕುವವರಿಗೆ ತಿಳಿಸುವವರೊಬ್ಬರು ಬೇಕು. ತಿಂಗಳ ಪರಿಶೀಲನೆ ಮಗು ಕ್ಷೇಮವೇ ಎಂದು ನೋಡುತ್ತದೆ. ಪ್ರತಿದಿನದ ಫೋನ್ ಕರೆ, ವಾರದ ಭೇಟಿ, ವಿರಾಮದ ಮನೆ ಇವು ಸೇರಿದಾಗ ಸಾಕುಪಾಲನೆ ಚಿಕಿತ್ಸೆಯಾಗುತ್ತದೆ.